ಗುರುವಾರದ ಹಟ

ನಾನು ಹುಟ್ಟು ಹಟಮಾರಿ ಎಂದು ನಮ್ಮ ಬಳಗದಲ್ಲಿ ಇವತ್ತಿಗೂ ಹೆಸರಿದೆ. ಮದುವೆ ಮುಂಜಿಗಳಲ್ಲಿ ಸಿಕ್ಕುವ ಹಿರಿಯರು, "ನೀನೇ ಅಲ್ವೇನೋ, ಸಿನಿಮಾ ಸಿನಿಮಾ ಅಂತ ನೆಲದ ಮೇಲೆ ಬಿದ್ದು ಹೊರಳಾಡ್ತಿದ್ದೋನು?" ಎಂದು ಎಲ್ಲರೆದುರಿಗೂ ಕೇಳುತ್ತಾರೆ. ಹೌದು ಎನ್ನುತ್ತೇನೆ. ಹೊರಳಾಡಿದ್ದು ನಿಜ. ಆದರೆ ಆಸೆ ನನ್ನದಾಗಿರಲಿಲ್ಲ, ನಮ್ಮ ಅತ್ತೆಯದಾಗಿತ್ತು. ಹಟ ಮಾಡುವ ವಯಸ್ಸು ಮಾತ್ರ ನನ್ನದು.

ಅತ್ತೆ ಎಂದರೆ ಅಪ್ಪನ ತಂಗಿ. ತೊಂಬತ್ತರ ದಶಕ ಶುರುವಾದಾಗ ಅವಳಿಗೆ ಮೂವತ್ತೇಳೋ ಮೂವತ್ತೆಂಟೋ ಇರಬೇಕು. ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದಳು. ಅವಳಿಗೆ ಜಾತಕ ಕೂಡಿಬರಲಿಲ್ಲ. ಆಮೇಲೆ ಕೂಡಿಸಿ ನೋಡುವುದನ್ನೂ ಮನೆಯವರು ಬಿಟ್ಟರು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು ಮತ್ತು ಅವಳು. ಬೀದಿಗೆ ಕಿಟಕಿಯಿದ್ದ ಸಣ್ಣ ಕೋಣೆ ಅವಳದು.

ಈ ಅತ್ತೆಗೆ ಇಂಗ್ಲಿಷ್ ಸಿನಿಮಾದ ಹುಚ್ಚು. ಅದೂ ಎಲ್ಲ ಇಂಗ್ಲಿಷ್ ಸಿನಿಮಾ ಅಲ್ಲ. ಮನುಷ್ಯ ಹಾರಬೇಕು, ಇಲ್ಲವೇ ಯಾವುದಾದರೂ ಗ್ರಹ ಒಡೆದು ಚೂರಾಗಬೇಕು. ಆಕಾಶನೌಕೆ, ಯಂತ್ರಮಾನವ, ಮುಖವಾಡ ತೊಟ್ಟು ಊರು ಕಾಯುವವನು, ಇವಿದ್ದರೆ ಸರಿ. ಮನೆಮಂದಿಯೆಲ್ಲ ಸೇರಿ ಕನ್ನಡ ಸಿನಿಮಾಕ್ಕೆ ಹೋದಾಗ ಅಮ್ಮ ಮತ್ತು ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವಳು ಪಕ್ಕದಲ್ಲಿ ತೂಕಡಿಸುತ್ತಿದ್ದಳು.

"ಅದೇ ಅತ್ತೆ ಸೊಸೆ, ಅದೇ ಅಳು. ಮನೇಲೇ ಸಿಗುತ್ತಲ್ಲೋ ಅದು," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ತೊಡಕು ಇದ್ದದ್ದು ಅಜ್ಜಿಯಲ್ಲಿ. ಅತ್ತೆ ಒಬ್ಬಳೇ ಬಸ್ಸು ಹತ್ತಿ ಕಚೇರಿಗೆ ಹೋಗಬಹುದಿತ್ತು, ಬ್ಯಾಂಕಿಗೆ ಹೋಗಬಹುದಿತ್ತು, ಚಿಕ್ಕಪೇಟೆಯ ಗಲ್ಲಿಗಳಲ್ಲಿ ನೂಕುನುಗ್ಗಲಿನ ನಡುವೆ ನುಸುಳಿ ಇಡೀ ಬಳಗದ ಮದುವೆಗೆ ಸೀರೆ ತರಬಹುದಿತ್ತು. ಸಿನಿಮಾಕ್ಕೆ ಮಾತ್ರ ಒಬ್ಬಳೇ ಹೋಗುವಂತಿರಲಿಲ್ಲ. "ಮದುವೆ ಆಗದೇ ಇರೋ ಹೆಂಗಸು ಒಬ್ಳೇ ಕತ್ತಲೇಲಿ ಕೂತ್ಕೊಂಡ್ರೆ ನೋಡಿದೋರು ಏನಂತಾರೆ?" ಎನ್ನುವುದು ಅಜ್ಜಿಯ ಮಾತು. ಜೊತೆಗೊಂದು ಗಂಡು ಇದ್ದರೆ ದೋಷವಿಲ್ಲ. ಆ ಗಂಡಿಗೆ ಎಷ್ಟು ವಯಸ್ಸಾಗಿರಬೇಕೆಂದು ಅಜ್ಜಿ ಹೇಳಿರಲಿಲ್ಲ. ಹಾಗಾಗಿ ನಾನಾದೆ. ನನ್ನ ಶೂ ಲೇಸು ಕಟ್ಟಿ, ಮೂಗು ಒರೆಸಿ ಕರೆದುಕೊಂಡು ಹೋಗುತ್ತಿದ್ದವಳು ಅವಳು. ಅವಳ ಕಾವಲಿಗೆ ಎಂಟು ವರ್ಷದ ನಾನು. ಬೇಲಿಗೇ ಬೇಲಿ ಹಾಕಿದಂತಿತ್ತು ಈ ವ್ಯವಸ್ಥೆ. ಆದರೂ ಯಾರಿಗೂ ನಗು ಬರಲಿಲ್ಲ.

ಆದರೆ ಅತ್ತೆ ತಾನಾಗಿ "ಸಿನಿಮಾಕ್ಕೆ ಹೋಗ್ತೀನಿ" ಎಂದರೆ ಅದೂ ಆಗದು. ಆ ವಯಸ್ಸಿನವಳಿಗೆ ಅದೇನು ಚಪಲ ಎಂಬ ಮಾತು ಬರುತ್ತಿತ್ತು. ಮಗುವಿಗೆ ಆಸೆಯಾಗಬೇಕು, ಮಗು ಅಳಬೇಕು, ಇವಳು ಒಲ್ಲದ ಮನಸ್ಸಿನಿಂದ ಕರೆದುಕೊಂಡು ಹೋಗಬೇಕು. ಅದಕ್ಕೇ ಗುರುವಾರದ ಹಟ.

ಗುರುವಾರ ಬೆಳಿಗ್ಗೆಯ ಪತ್ರಿಕೆಯಲ್ಲಿ 'ನಾಳೆಯಿಂದ' ಎಂಬ ಜಾಹೀರಾತು ಬರುತ್ತಿತ್ತು. ಅತ್ತೆ ನಿಂತುಕೊಂಡೇ ಕಾಫಿ ಕುಡಿಯುತ್ತ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ, ಜಾಹೀರಾತು ಮೇಲೆ ಕಾಣುವಂತೆ ನನ್ನ ತಟ್ಟೆಯ ಪಕ್ಕ ಇಟ್ಟು ಬಸ್ಸಿಗೆ ಓಡುತ್ತಿದ್ದಳು. ನನಗೆ ಅಷ್ಟು ಸಾಕು. ಸಂಜೆ ಅಜ್ಜಿ ರಾಯರ ಮಠಕ್ಕೆ ಹೋಗಿ, ಪ್ರದಕ್ಷಿಣೆ ಹಾಕಿ, ಮಂತ್ರಾಕ್ಷತೆ ಹಿಡಿದು ಮನೆಗೆ ಬರುವಳು. ವಾರದಲ್ಲಿ ಅವಳ ಮನಸ್ಸು ಮೆತ್ತಗಿರುತ್ತಿದ್ದುದು ಆ ಒಂದು ಹೊತ್ತು. ಅವಳು ಕೈಕಾಲು ತೊಳೆದು ಒಳಗೆ ಕೂತಳೋ, ನಾನು ನಡುಮನೆಯಲ್ಲಿ ಬೀಳುತ್ತಿದ್ದೆ.

"ಏಳೋ, ಮಾನ ಕಳೀಬೇಡ. ಅಕ್ಕಪಕ್ಕದೋರು ಕೇಳಿಸ್ಕೋತಾರೆ," ಎಂದು ಅತ್ತೆ ಬಾಗಿಲಲ್ಲಿ ನಿಂತು ಗದರುತ್ತಿದ್ದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ನಂಗೆ ಆ ಇಂಗ್ಲಿಷ್ ಸಿನಿಮಾ ಅಂದ್ರೆ ತಲೆನೋವು ಕಣಮ್ಮ. ಬರೀ ಸದ್ದು. ಆದ್ರೆ ಈ ಮುಂಡೇದು ಕೇಳ್ಬೇಕಲ್ಲ."

"ಹೋಗ್ಲಿ, ಕರ್ಕೊಂಡ್ ಹೋಗ್ಬಾರೇ. ಮಗು ಹಾಗೆ ಅಳ್ತಾ ಇದೆ, ನಿನಗೇನು ಗಂಟು ಹೋಗುತ್ತೆ," ಎನ್ನುವಳು ಅಜ್ಜಿ.

ಒಮ್ಮೆ ಹುಮ್ಮಸ್ಸಿನಲ್ಲಿ ಗೋಡೆಗೆ ತಲೆ ಚಚ್ಚಿಕೊಂಡೆ. ಅಪ್ಪ ಎದ್ದು ಬಂದು ಎರಡು ಬಿಗಿದರು. ಮಾರನೆಯ ದಿನ ಅತ್ತೆ ಕಚೇರಿಯಿಂದ ಬರುವಾಗ ಕೊಬ್ಬರಿ ಮಿಠಾಯಿ ತಂದು, ಕೋಣೆಗೆ ಕರೆದು, "ಅಷ್ಟೊಂದು ಬೇಡ ಕಣೋ. ಕಣ್ಣಲ್ಲಿ ನೀರು ಬಂದ್ರೆ ಸಾಕು. ತಲೆ ಚಚ್ಕೊಂಡ್ರೆ ಸುಳ್ಳು ಅಂತ ಗೊತ್ತಾಗ್ಬಿಡುತ್ತೆ," ಎಂದು ತಿದ್ದಿದಳು. ಅವಳ ಕೈಯಲ್ಲಿ ಕಲಿತ ನಟನೆ ಅದು, ಇವತ್ತಿಗೂ ಸಮಯಕ್ಕೆ ಬರುತ್ತದೆ.

ಶುಕ್ರವಾರ ಬಿಡುಗಡೆಯಾದರೆ ಶನಿವಾರ ನಮ್ಮದು. ಶಾಲೆ ಅರ್ಧ ದಿನ. ಅವಳೂ ಅರ್ಧ ದಿನ ರಜೆ ಹಾಕಿ ಶಾಲೆಯ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿರುತ್ತಿದ್ದಳು. ಅಲ್ಲಿಂದ ಬಸ್ಸಿನಲ್ಲಿ ದಂಡಿನ ಕಡೆಗೆ. ನಮ್ಮ ಕಡೆಯ ಹಳಬರಿಗೆ ಕಂಟೋನ್ಮೆಂಟು ಆಗಲೂ ದಂಡೇ. ಇಂಗ್ಲಿಷ್ ಸಿನಿಮಾ ಥಿಯೇಟರುಗಳೆಲ್ಲ ಇದ್ದದ್ದು ಅಲ್ಲಿ. ಗಂಡಸರ ಸಾಲು ಕಟ್ಟಡವನ್ನು ಸುತ್ತಿ ಹಿಂದಿನ ರಸ್ತೆಗೆ ಹೋಗಿರುತ್ತಿತ್ತು. ಹೆಂಗಸರಿಗೆ ಬೇರೆ ಕಿಟಕಿ. ಅಲ್ಲಿ ಪ್ಯಾಂಟು ತೊಟ್ಟ ಇಬ್ಬರು ಕಾಲೇಜು ಹುಡುಗಿಯರು, ಅವರ ಹಿಂದೆ ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು ಮಲ್ಲಿಗೆ ಮುಡಿದ ನಮ್ಮತ್ತೆ. ತಪ್ಪು ಥಿಯೇಟರಿಗೆ ಬಂದಿದ್ದಾರೆ ಪಾಪ ಎಂಬಂತೆ ಗಂಡಸರು ನೋಡುತ್ತಿದ್ದರು. ಐದು ನಿಮಿಷದಲ್ಲಿ ಟಿಕೆಟು ಹಿಡಿದು ಅವರ ಮುಂದೆಯೇ ಅವಳು ಒಳಗೆ ಹೋಗುವಾಗ ನನಗೆ ಏನು ಗರ್ವ!

ದೀಪ ಆರಿದ ಕೂಡಲೇ ಅತ್ತೆ ಚಪ್ಪಲಿ ಬಿಟ್ಟು, ಕಾಲು ಮಡಿಸಿ ಸೀಟಿನ ಮೇಲೆ ಇಟ್ಟುಕೊಂಡು, ಕನ್ನಡಕ ಒರೆಸಿಕೊಂಡು ಕೂರುತ್ತಿದ್ದಳು. ಡಬ್ಬಿಯಲ್ಲಿ ತಂದ ಗೊಜ್ಜವಲಕ್ಕಿಯನ್ನು ಇಂಟರ್ವಲ್‌ವರೆಗೂ ತೆಗೆಯುವಂತಿಲ್ಲ. ನಡುವೆ ಏನಾದರೂ ಕೇಳಿದರೆ ತುಟಿಗೆ ಬೆರಳು. ಒಂದೊಂದು ಸಲ ತೆರೆಯ ಬೆಳಕು ಅವಳ ಮುಖದ ಮೇಲೆ ಬೀಳುವಾಗ ತಿರುಗಿ ನೋಡುತ್ತಿದ್ದೆ. ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ಮನೆಯಲ್ಲಿ ನಾವು ಯಾರೂ ನೋಡದ ಮುಖ ಅದು.

ವಾಪಸು ಬರುವ ಬಸ್ಸಿನಲ್ಲಿ ಮಾತೇ ಮಾತು. "ಅಷ್ಟು ದೊಡ್ಡ ಆಕಾಶನೌಕೆ, ಒಬ್ರಾದ್ರೂ ಅಡುಗೆ ಮಾಡಿದ್ರಾ ನೋಡು. ಮಾತ್ರೆ ನುಂಗಿದ್ರೆ ಊಟ ಆಯ್ತು. ಪಾತ್ರೆ ತೊಳೆಯೋ ಹಾಗಿಲ್ಲ, ಒಲೆ ಒರೆಸೋ ಹಾಗಿಲ್ಲ," ಎಂದು ಕಿಟಕಿಯಾಚೆ ನೋಡುತ್ತ ಹೇಳುವಳು. ತಮಾಷೆ ಎಂದು ನಾನು ನಗುತ್ತಿದ್ದೆ. ನಮ್ಮ ಬೀದಿಯ ತಿರುವು ಬರುತ್ತಿದ್ದ ಹಾಗೆ ಅವಳ ಮುಖ ಬಾಡುತ್ತಿತ್ತು. ಹಣೆ ಒತ್ತಿಕೊಂಡೇ ಹೊಸಿಲು ದಾಟುವಳು. ಅಜ್ಜಿ ಮುಲಾಮಿನ ಸೀಸೆ ಹಿಡಿದು ಕಾದಿರುತ್ತಿದ್ದಳು. ನೋಯದ ತಲೆಗೆ ಮುಲಾಮು ತಿಕ್ಕಿಸಿಕೊಳ್ಳುತ್ತ ಅತ್ತೆ ನನ್ನ ಕಡೆ ನೋಡಿ ಒಂದು ಕಣ್ಣು ಮಿಟುಕಿಸುತ್ತಿದ್ದಳು.

ಆಗೆಲ್ಲ ಅಮೆರಿಕದಲ್ಲಿ ಬಂದ ಸಿನಿಮಾ ನಮ್ಮೂರಿಗೆ ಬರಬೇಕಾದರೆ ಆರು ತಿಂಗಳು, ಕೆಲವೊಮ್ಮೆ ವರ್ಷ ಹಿಡಿಯುತ್ತಿತ್ತು. ಅತ್ತೆಗೆ ಆ ಕಾಯುವಿಕೆಯೇ ಅರ್ಧ ಸುಖ. ಮಲ್ಲೇಶ್ವರದ ಒಂದು ಲೆಂಡಿಂಗ್ ಲೈಬ್ರರಿಯಿಂದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ತಂದು, ಯಾವುದು ತಯಾರಾಗುತ್ತಿದೆ, ಯಾವುದರ ಎರಡನೇ ಭಾಗ ಬರುತ್ತದೆ ಎಂದು ಹುಡುಕುವಳು. ಊಟದ ಬಿಡುವಿನಲ್ಲಿ ಹಳೆಯ ಸುತ್ತೋಲೆಗಳ ಹಿಂಬದಿಗೆ ಅದನ್ನೆಲ್ಲ ಟೈಪ್ ಮಾಡುವಳು. ಎಡಗಡೆ ಸಿನಿಮಾದ ಹೆಸರು, ಬಲಗಡೆ 'ನಿರೀಕ್ಷಿಸಲಾಗಿದೆ'. ಸರ್ಕಾರಿ ಭಾಷೆ ಕೈಗೆ ಹತ್ತಿಬಿಟ್ಟಿತ್ತು.

"ಕಾಯೋಕೆ ಏನಾದ್ರೂ ಇದ್ರೆ ದಿನ ಬೇಗ ಹೋಗುತ್ತೆ ಕಣೋ," ಎನ್ನುತ್ತಿದ್ದಳು. ನನಗೆ ಆಗ ದಿನ ಬೇಗ ಹೋಗಬೇಕಾದ ಅಗತ್ಯವೇನೂ ಇರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಿನಿಮಾ ಬಂತು. ಅದರ ನಾಯಕನ ಬಲವೆಲ್ಲ ಅವನ ನೆರಳಿನಲ್ಲಿ. ಅವನು ಸುಮ್ಮನೆ ನಿಂತಿರುತ್ತಾನೆ, ಅವನ ನೆರಳು ಗೋಡೆ ಹತ್ತುತ್ತದೆ, ಬಾಗಿಲ ಸಂದಿಯಲ್ಲಿ ನುಸುಳುತ್ತದೆ, ಕಳ್ಳರ ಕತ್ತು ಹಿಡಿಯುತ್ತದೆ. ಇದು ತಿಳಿದ ಖಳನಾಯಕ ಅವನನ್ನು ಬೇರೊಂದು ಗ್ರಹದ ಗಣಿಯೊಳಗೆ ತಳ್ಳಿ ಬಾಯಿ ಮುಚ್ಚಿಬಿಡುತ್ತಾನೆ. ಒಂದು ಹನಿ ಬೆಳಕಿಲ್ಲ. ಬೆಳಕಿಲ್ಲದ ಮೇಲೆ ನೆರಳೂ ಇಲ್ಲ. ತೆರೆಯೆಲ್ಲ ಕಪ್ಪು, ಅವನ ಉಸಿರಾಟದ ಸದ್ದು ಮಾತ್ರ. ಆಮೇಲೆ 'ಮುಂದುವರಿಯುವುದು' ಎಂಬ ಅಕ್ಷರ ಬಂದು ದೀಪ ಹತ್ತಿಬಿಟ್ಟಿತು.

ಅತ್ತೆ ಕಾಲು ಕೆಳಗಿಳಿಸದೆ ಹಾಗೇ ಕೂತಿದ್ದಳು. ಕಸ ಗುಡಿಸುವವನು ಬಂದು, "ಮುಗೀತಮ್ಮ, ಏಳಿ," ಎಂದ ಮೇಲೆಯೇ ಎದ್ದದ್ದು.

ಎರಡನೇ ಭಾಗ ಬರಲು ಎರಡೂವರೆ ವರ್ಷ ಹಿಡಿಯಿತು. ಅಷ್ಟು ದಿನವೂ ಅವಳು ಅವನನ್ನು ಆ ಗಣಿಯಿಂದ ಹೊರಗೆ ತರುತ್ತಲೇ ಇದ್ದಳು. ಅಕ್ಕಿ ಆರಿಸುವಾಗ ತಟ್ಟನೆ ಕೈ ನಿಲ್ಲಿಸಿ, "ಒಂದು ಬೆಂಕಿಕಡ್ಡಿ ಇದ್ದಿದ್ರೆ ಸಾಕಿತ್ತಲ್ವೇನೋ?" ಎನ್ನುವಳು. ಇನ್ನೊಂದು ದಿನ, "ಕಲ್ಲಿಗೆ ಕಲ್ಲು ಉಜ್ಜಿದ್ರೆ ಕಿಡಿ ಬರಲ್ವಾ?" ಎನ್ನುವಳು. "ಆ ಗ್ರಹದಲ್ಲಿ ಬೆಂಕಿ ಹತ್ತಲ್ಲ ಅತ್ತೆ, ಗಾಳಿ ಬೇರೆ," ಎಂದು ನಾನು ಅಡ್ಡ ಹಾಕುವೆ. "ಗಾಳಿ ಇಲ್ದೆ ಅವನು ಉಸಿರಾಡಿದ್ದು ಹೇಗೆ ಮತ್ತೆ?" ಎಂದು ಅವಳು ಗೆಲ್ಲುವಳು. ಒಂದು ದಿನ ತೀರ್ಮಾನವಾಗಿ ಹೇಳಿದಳು: "ಅವನಿಂದ ಆಗೋದಲ್ಲ. ಹೊರಗಿಂದ ಯಾರಾದ್ರೂ ಬೆಳಕು ತರ್ಬೇಕು. ಯಾರು ಅಂತ ನೋಡ್ಬೇಕು."

ಅಷ್ಟರಲ್ಲಿ ನಾನು ಹೈಸ್ಕೂಲಿಗೆ ಬಂದಿದ್ದೆ. ಗಂಟಲು ಒಡೆದಿತ್ತು. ನೆಲದ ಮೇಲೆ ಬೀಳುವ ವಯಸ್ಸು ದಾಟಿತ್ತು. ಅತ್ತೆಯ ಪಕ್ಕ ಬೀದಿಯಲ್ಲಿ ನಡೆಯುವಾಗ ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದೆ. ಯಾರಾದರೂ ಕ್ಲಾಸಿನವರು ಕಂಡರೆ ಅವಳ ಕೈಯ ಡಬ್ಬಿಯ ಚೀಲ ನನಗೆ ಸಂಬಂಧಿಸಿದ್ದಲ್ಲ ಎಂಬಂತೆ ನಿಲ್ಲುತ್ತಿದ್ದೆ. ಇದನ್ನೆಲ್ಲ ಅವಳು ನೋಡಿರಲಿಲ್ಲ ಎಂದು ಬಹಳ ವರ್ಷ ನಂಬಿದ್ದೆ.

ಎರಡನೇ ಭಾಗ ಬರುವ ಸುದ್ದಿ ಕ್ಲಾಸಿನಲ್ಲೂ ಹಬ್ಬಿತು. ಹೆಂಗಸರ ಕಿಟಕಿಯ ಗುಟ್ಟನ್ನು ಜಂಬಕ್ಕೆ ನಾನೇ ಹೊರಹಾಕಿದೆ.

"ಮಗಾ, ನಿಮ್ಮತ್ತೆಗೆ ಹೇಳೋ. ನಮಗೂ ತೆಗೆಸ್ಕೊಡ್ಲಿ," ಎಂದು ಇಬ್ಬರು ಗಂಟುಬಿದ್ದರು.

ಅಳುಕುತ್ತಲೇ ಅತ್ತೆಗೆ ಹೇಳಿದೆ. ಅವಳು ಒಂದು ಗಳಿಗೆ ಯೋಚಿಸಿ, "ಒಬ್ಬರಿಗೆ ನಾಲ್ಕು ಟಿಕೆಟ್ ಕೊಡ್ತಾರೆ. ನೀನು, ನಾನು, ಅವರಿಬ್ರು. ಸರಿಹೋಯ್ತಲ್ಲ, ಬರ್ಲಿ ಬಿಡು," ಎಂದಳು. ಆ ವಾರವೆಲ್ಲ ಅವಳು ಗುನುಗುತ್ತ ಓಡಾಡಿದಳು. ಶನಿವಾರಕ್ಕೆ ಹಸಿರು ಅಂಚಿನ ಸೀರೆಯನ್ನು ಗುರುವಾರವೇ ಇಸ್ತ್ರಿಗೆ ಕೊಟ್ಟಳು.

ಶನಿವಾರ ಥಿಯೇಟರಿನ ಮುಂದೆ ನಮ್ಮ ಪಾಲಿನ ಇಬ್ಬರಲ್ಲ, ಮೂವರು ನಿಂತಿದ್ದರು. ಮೂರನೆಯವನು ಕ್ಲಾಸಿನಲ್ಲಿ ಎಲ್ಲರನ್ನೂ ನಗಿಸುವವನು. ಅವನು ಮಾತಾಡಿಸಿದರೆ ಆ ದಿನ ನಾವು ದೊಡ್ಡವರು ಎಂದುಕೊಳ್ಳುತ್ತಿದ್ದೆವು. ಯಾರೂ ಕರೆದಿರಲಿಲ್ಲ, ಸುದ್ದಿ ಕೇಳಿ ಬಂದಿದ್ದ. ಅಷ್ಟು ಹೊತ್ತಿಗೆ ಅತ್ತೆ ಕಿಟಕಿಯಿಂದ ಟಿಕೆಟು ತೆಗೆದುಕೊಂಡು ಬಂದಳು. ಅವಳ ಬೆನ್ನ ಹಿಂದೆಯೇ ಕಿಟಕಿ ಮುಚ್ಚಿ 'ಹೌಸ್‌ಫುಲ್' ಹಲಗೆ ತೂಗುಹಾಕಿದರು.

ನಾಲ್ಕು ಟಿಕೆಟು, ಐದು ಜನ. ಆ ಮೂರನೆಯವನು ಹೋಗುತ್ತೇನೆ ಎನ್ನಲಿಲ್ಲ. ಅವನನ್ನು ಹೋಗು ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅತ್ತೆ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿದ್ದ ಪೋಸ್ಟರ್ ನೋಡಿದೆ. ಅದರಲ್ಲಿ ಏನಿತ್ತೆಂದು ಕೇಳಿದರೆ ಹೇಳಲಾರೆ, ಆದರೆ ಬಹಳ ಹೊತ್ತು ನೋಡಿದೆ.

"ನೀವು ನಾಲ್ಕು ಜನ ಹೋಗ್ಬನ್ನಿ," ಎಂದಳು ಅತ್ತೆ. "ನಂಗೆ ಈ ಇಂಗ್ಲಿಷ್ ಸಿನಿಮಾ ಅಂದ್ರೆ ತಲೆನೋವು. ಇವನು ಹಟ ಮಾಡ್ತಾನೆ ಅಂತ ಬರ್ತಿದ್ದೆ ಅಷ್ಟೆ."

"ಥ್ಯಾಂಕ್ಸ್ ಆಂಟಿ!" ಎಂದು ಹುಡುಗರು ಕುಣಿದರು.

ಆ ಮಾತು ಸುಳ್ಳೆಂದು ಭೂಮಿಯ ಮೇಲೆ ಗೊತ್ತಿದ್ದದ್ದು ನನಗೊಬ್ಬನಿಗೆ. ಅಜ್ಜಿ ನಂಬಬಹುದು, ಅಪ್ಪ ಅಮ್ಮ ನಂಬಬಹುದು, ಆ ಹುಡುಗರು ನಂಬಬಹುದು. ಆ ಸುಳ್ಳಿನ ಪಕ್ಕದಲ್ಲಿ ನಿಂತು ಆರೇಳು ವರ್ಷ ಪಾಲು ತಿಂದವನು ನಾನು. ಆದರೂ ಆ ಗಳಿಗೆಯಲ್ಲಿ ನಂಬಿದೆ. ನಂಬುವುದು ಅನುಕೂಲವಾಗಿತ್ತು. ಟಿಕೆಟಿನ ಜೊತೆ ಗೊಜ್ಜವಲಕ್ಕಿಯ ಡಬ್ಬಿಯನ್ನೂ ಅವಳು ನನ್ನ ಕೈಗಿತ್ತಳು. ಅದನ್ನೂ ತೆಗೆದುಕೊಂಡು ಒಳಗೆ ಹೋದೆ.

ಸಿನಿಮಾ ಬಿಟ್ಟು ಹೊರಗೆ ಬಂದಾಗ ಅವಳು ಎದುರಿನ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತಿದ್ದಳು. ನಾನಿಲ್ಲದೆ ಮನೆಗೆ ಹೋಗುವ ಹಾಗಿರಲಿಲ್ಲ. ಹೋದರೆ ಹುಡುಗ ಎಲ್ಲಿ ಎಂದು ಕೇಳುತ್ತಾರೆ, ಅವನಿಲ್ಲದೆ ಇಷ್ಟು ಹೊತ್ತು ಎಲ್ಲಿದ್ದೆ ಎಂದೂ ಕೇಳುತ್ತಾರೆ. ಎರಡೂವರೆ ಗಂಟೆ ಅಲ್ಲಿಯೇ ಕೂತಿದ್ದಳೋ, ಅಂಗಡಿ ಸಾಲಿನಲ್ಲಿ ಅಲೆದಳೋ, ನಾನು ಕೇಳಲಿಲ್ಲ. ಹುಡುಗರು ಬೇರೆ ಬಸ್ಸು ಹತ್ತಿದರು. ನಮ್ಮ ಬಸ್ಸು ಕಾರ್ಪೊರೇಷನ್ ವೃತ್ತ ದಾಟಿತು.

"ಹೊರಗೆ ಬಂದ್ನಾ?" ಎಂದು ಕೇಳಿದಳು.

"ಹ್ಞೂ, ಬಂದ."

"ಹೇಗೆ ಅಂತ ಹೇಳ್ಬೇಡ. ನಾನೇ ನೋಡ್ತೀನಲ್ಲ."

ಮನೆಗೆ ಬಂದ ಮೇಲೆ ಅಜ್ಜಿ ಎಂದಿನಂತೆ ಮುಲಾಮು ತಂದಳು. ಅತ್ತೆ ಎಂದಿನಂತೆ ತಲೆ ಬಾಗಿಸಿ ಕೂತಳು. ಆ ದಿನ ಕಣ್ಣು ಮಿಟುಕಿಸಲಿಲ್ಲ. ಬಹುಶಃ ನಿಜವಾಗಿಯೇ ನೋಯುತ್ತಿತ್ತು.

ಸಿನಿಮಾ ಐದು ವಾರ ಓಡಿತು. ಮರುವಾರ ಕರೆದುಕೊಂಡು ಹೋಗಬೇಕೆಂದು ನನಗೆ ಅನ್ನಿಸದೆ ಇರಲಿಲ್ಲ. ಆದರೆ ಆ ವಾರ ಕ್ರಿಕೆಟ್ ಇತ್ತು, ಅದರ ಮುಂದಿನ ವಾರ ಶಾಲೆಯಲ್ಲಿ ಟೆಸ್ಟ್ ಇತ್ತು, ಮತ್ತೆ ಅತ್ತೆಯ ಜೊತೆ ಆ ಸಾಲಿನಲ್ಲಿ ನಿಂತರೆ ಯಾರಾದರೂ ನೋಡಿಯಾರು ಎಂಬುದು ಎಲ್ಲಕ್ಕಿಂತ ಹೆಚ್ಚಾಗಿ ಇತ್ತು. ನಾಲ್ಕನೇ ವಾರದ ಗುರುವಾರ ಬೆಳಿಗ್ಗೆ ನನ್ನ ತಟ್ಟೆಯ ಪಕ್ಕ ಪತ್ರಿಕೆ ನಾಲ್ಕು ಮಡಿಕೆಯಾಗಿ ಬಂದು ಕೂತಿತು. 'ಕೊನೆಯ ವಾರ' ಎಂದು ಮೇಲೆಯೇ ಕಾಣುತ್ತಿತ್ತು. ನಾನು ಅದನ್ನು ಬಿಡಿಸಿ, ಹಿಂದಿನ ಪುಟದ ಆಟದ ಸುದ್ದಿ ಓದಿದೆ. ಅವಳು ಲೋಟ ತೊಳೆದಿಟ್ಟು ಬಸ್ಸಿಗೆ ಹೋದಳು.

ಆಮೇಲೆ ಅತ್ತೆ ಥಿಯೇಟರಿಗೆ ಹೋಗಲೇ ಇಲ್ಲ. "ಹುಡುಗನಿಗೋಸ್ಕರ ಹೋಗ್ತಿದ್ಲು ಪಾಪ. ಅವನು ದೊಡ್ಡೋನಾದ, ಅವಳಿಗೂ ತಪ್ಪಿತು ಆ ತಲೆನೋವು," ಎಂದು ಅಮ್ಮ ಬಂದವರ ಮುಂದೆ ಹೇಳುತ್ತಿದ್ದಳು. ಮನೆಯ ಮಾತು ಅದೇ ಆಯಿತು. ದಿನ ಹೋದ ಹಾಗೆ ನಾನೂ ಅದನ್ನೇ ಹೇಳತೊಡಗಿದೆ. ಸುಳ್ಳನ್ನು ಸಾಕಿದರೆ ಅದು ಮನೆಯ ಮಗುವೇ ಆಗುತ್ತದೆ.

ಹೊಸ ಶತಮಾನ ಬಂತು. ಅಜ್ಜಿ ತೀರಿಕೊಂಡಳು. ನಾನು ಓದು ಮುಗಿಸಿ ಶೇಷಾದ್ರಿಪುರದ ಒಂದು ಕಾಲೇಜಿನಲ್ಲಿ ಪಾಠ ಮಾಡತೊಡಗಿದೆ. ಇಂಗ್ಲಿಷ್ ಸಿನಿಮಾಗಳು ಈಗ ಅಮೆರಿಕದಲ್ಲಿ ಬಂದ ದಿನವೇ ನಮ್ಮಲ್ಲೂ ಬರುತ್ತಿದ್ದವು. ಕಾಲೇಜಿನ ಗೆಳೆಯರೊಂದಿಗೆ ಒಂದನ್ನೂ ಬಿಡದೆ ಮೊದಲ ದಿನವೇ ನೋಡುತ್ತಿದ್ದೆ. ಮನೆಯಲ್ಲಿ ಅತ್ತೆ ಜಪಾನಿನ ಕಾರ್ಟೂನುಗಳಿಗೆ ಅಂಟಿಕೊಂಡಿದ್ದಳು. ಸಂಜೆ ಕಚೇರಿಯಿಂದ ಬಂದವಳೇ ಟಿ.ವಿ.ಯ ಸದ್ದು ಕಡಿಮೆ ಮಾಡಿ, ಸೊಪ್ಪು ಸೋಸುತ್ತ ಕೂರುವಳು. ಕತ್ತಿ ಹಿಡಿದ ಹುಡುಗಿಯರು, ಬೆಟ್ಟದಷ್ಟು ಎತ್ತರದ ಯಂತ್ರಗಳು, ಮಾತಾಡುವ ಬೆಕ್ಕುಗಳು.

"ನೋಡೋ, ಲೋಕ ಉಳಿಸಿ ಬಂದ್ರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರ್ತಾರೆ. ನಮ್ಮ ಹಾಗೇನೇ," ಎಂದು ಒಂದು ಸಲ ಖುಷಿಯಿಂದ ಹೇಳಿದಳು. "ಸೋಮವಾರದಿಂದ ಹೊಸದು ಶುರುವಾಗುತ್ತಂತೆ," ಎಂದು ಇನ್ನೊಂದು ಸಲ ಯಾರಿಗೆಂದಿಲ್ಲದೆ ಹೇಳಿದಳು. ನಾನು ಫೋನಿನಲ್ಲಿ ಗೆಳೆಯರಿಗೆ ಶುಕ್ರವಾರದ ಸೀಟು ಹೇಳುತ್ತಿದ್ದೆ.

"ಈಗ ಯಾರು ಬೇಡ ಅಂತಾರೆ ಅತ್ತೆ? ಥಿಯೇಟರಿಗೆ ಹೋಗ್ಬಹುದಲ್ಲ," ಎಂದು ಒಮ್ಮೆ ಕೇಳಿದ್ದೆ.

"ಯಾರ ಜೊತೆ?" ಎಂದಳು. ನಾನು ಅದನ್ನು ಪ್ರಶ್ನೆ ಎಂದುಕೊಳ್ಳಲೇ ಇಲ್ಲ.

ಹೀಗೆ ಹತ್ತು ವರ್ಷಕ್ಕೂ ಮೇಲಾದ ಮೇಲೆ, ಒಂದು ಚಳಿಗಾಲದಲ್ಲಿ, ನೆರಳಿನ ನಾಯಕನ ಮೂರನೇ ಭಾಗ ಬರುತ್ತದೆ ಎಂದು ಪತ್ರಿಕೆಯಲ್ಲಿ ಓದಿದೆ. ಓದಿದ ಕೂಡಲೇ ಕಣ್ಣ ಮುಂದೆ ಬಂದದ್ದು ಆ ಕಟ್ಟೆಯ ಮೇಲೆ ಕೂತ ಹಸಿರು ಅಂಚಿನ ಸೀರೆ. ಹೊಸ ಮಲ್ಟಿಪ್ಲೆಕ್ಸಿನಲ್ಲಿ ನಡುವಿನ ಸಾಲಿನ ಎರಡು ಸೀಟು ಕಾದಿರಿಸಿದೆ. ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮನೆಗೆ ಬಂದೆ.

ಅತ್ತೆ ಮೊರದ ತುಂಬ ನೆನೆಸಿದ ಅವರೆಕಾಳು ಹಾಕಿಕೊಂಡು ಹಿತುಕುತ್ತ ಕೂತಿದ್ದಳು. ಟಿಕೆಟನ್ನು ಅವಳ ಮುಂದೆ ಹಿಡಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು ಓದಿದಳು. ಮುಖ ಅರಳಿತು. ಆಮೇಲೆ ಟಿಕೆಟನ್ನು ಹಾಗೇ ನನ್ನ ಕೈಗೆ ವಾಪಸು ಕೊಟ್ಟಳು.

"ನೀನು ಹೋಗ್ಬಾ. ಎರಡನೇದೇ ನೋಡಿಲ್ಲ, ಮೂರನೇದು ಹೇಗೋ ನೋಡ್ಲಿ?"

ನನಗೆ ಅರ್ಥವಾಗಲಿಲ್ಲ. "ಟಿ.ವಿ.ಲಿ ಹತ್ತು ಸಲ ಬಂದಿದೆಯಲ್ಲ ಅತ್ತೆ!"

"ಬರುತ್ತೆ. ಬಂದಾಗ ಎದ್ದು ಒಳಗೆ ಹೋಗ್ತೀನಿ."

ಅದು ನಿಜ. ಆ ಸಿನಿಮಾ ಬಂದಾಗೆಲ್ಲ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದುದನ್ನು ನಾನೇ ನೋಡಿದ್ದೆ. ಇಷ್ಟವಿಲ್ಲವೇನೋ ಎಂದುಕೊಂಡು ಚಾನೆಲ್ ಬದಲಿಸುತ್ತಿದ್ದೆ.

"ಯಾಕೆ?"

"ಹೇಗೆ ಅಂತ ಹೇಳ್ಬೇಡ ಅಂದಿದ್ನಲ್ಲ. ನೀನು ಕರ್ಕೊಂಡ್ ಹೋಗ್ತೀಯ, ಆಗ ನೋಡೋಣ ಅಂತ ಇಟ್ಕೊಂಡಿದ್ದೆ." ಅವಳು ಒಂದು ಕಾಳು ಹಿತುಕಿ ಬಟ್ಟಲಿಗೆ ಹಾಕಿದಳು. "ಆಮೇಲೆ ಥಿಯೇಟರಿಂದ ತೆಗೆದ್ರು. ಆಮೇಲೂ ಹಾಗೇ ಇಟ್ಕೊಂಡೆ."

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತೆ. "ಅವತ್ತು ನಿನಗೆ ತಲೆನೋವು ಇರ್ಲಿಲ್ಲ ಅಂತ ನಂಗೆ ಗೊತ್ತಿತ್ತು ಅತ್ತೆ," ಎಂದೆ. ಹೇಳುವಾಗ ಹದಿನಾಲ್ಕು ವರ್ಷದವನ ಒಡಕು ಗಂಟಲೇ ಬಂತು.

"ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು," ಎಂದಳು.

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅತ್ತೆ ಕತ್ತೆತ್ತಿ ಅವಳಿಗೆ ಇವತ್ತು ಬೇಡವೆಂದು ಕೈಯಾಡಿಸಿದಳು. ಆಮೇಲೆ ಮೊರವನ್ನು ಸ್ವಲ್ಪ ಆಚೆ ಸರಿಸಿ, ಕಾಲು ಮಡಿಸಿ, ನನ್ನ ಕಡೆ ಬಾಗಿ ಕೂತಳು. ಕಣ್ಣಲ್ಲಿ ಹಳೆಯ ಶನಿವಾರಗಳ ಹೊಳಪು ಬಂದಿತ್ತು.

"ಹೋಗ್ಲಿ ಬಿಡು. ಇನ್ನು ಇಟ್ಕೊಂಡು ಏನ್ ಮಾಡ್ಲಿ? ಈಗ ಹೇಳು. ಹೇಗೆ ಬಂದ ಹೊರಗೆ? ಬೆಳಕು ಯಾರು ತಂದ್ರು?"

ನಾನು ಬಾಯಿ ತೆರೆದೆ. ಥಿಯೇಟರು ನೆನಪಿಗೆ ಬಂತು. ಹುಡುಗರ ಶಿಳ್ಳೆ ಬಂತು. ಆ ಮೂರನೆಯವನು ಏನೋ ಹೇಳಿದ್ದಕ್ಕೆ ಎಲ್ಲರಿಗಿಂತ ಜೋರಾಗಿ ನಾನು ನಕ್ಕದ್ದು, ನಕ್ಕ ಮೇಲೆ ಅವನು ನೋಡಿದನೇ ಎಂದು ಅವನ ಮುಖ ನೋಡಿದ್ದು ಬಂತು. ಗೊಜ್ಜವಲಕ್ಕಿಯ ಡಬ್ಬಿಯನ್ನು ಯಾರಿಗೂ ಕಾಣದಂತೆ ಸೀಟಿನ ಕೆಳಗೆ ತಳ್ಳಿದ್ದು ಬಂತು. ಗಣಿಯ ಕತ್ತಲೆ ಮಾತ್ರ ಕತ್ತಲೆಯಾಗಿಯೇ ಉಳಿಯಿತು. ಎಷ್ಟು ತಡಕಾಡಿದರೂ ಅವನು ಅದರಿಂದ ಹೊರಗೆ ಬಂದ ದೃಶ್ಯ ನನ್ನಲ್ಲಿ ಇರಲಿಲ್ಲ.

ಅತ್ತೆ ಕಾಯುತ್ತಿದ್ದಳು. ಕಾಯುವುದು ಅವಳಿಗೆ ಅಭ್ಯಾಸ.

"ನೆನಪಿಲ್ಲ ಅತ್ತೆ," ಎಂದೆ.

ಅವಳು ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು.

"ಹಾಗಾದ್ರೆ ನೀನೂ ನೋಡಿಲ್ಲ ಬಿಡು," ಎಂದಳು.